ಮಹಾಗೋಡೆಯಿಲ್ಲದ ಚೀನಾ

ಹತ್ತು ದಿನಗಳಲ್ಲಿ ಚೀನಾ ನೋಡಿ ಮುಗಿಸಲು ಸಾಧ್ಯವಿಲ್ಲ ಎಂಬುದು ಭೂಪಟ ಬಿಡಿಸಿದ ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಟೂರ್ ಕಂಪೆನಿಗಳ ಕರಪತ್ರಗಳಲ್ಲಿ ಬೀಜಿಂಗ್, ಶಿಯಾನ್, ಗುಯಿಲಿನ್, ಶಾಂಘೈ, ಸುಝೌ, ಹಾಂಗ್‌ಝೌ ಎಲ್ಲವೂ ಒಂಬತ್ತು ರಾತ್ರಿಗಳೊಳಗೆ ಹೇಗೋ ಹಿಡಿಸುತ್ತವೆ. ಅಂತಹ ನಾಲ್ಕೈದು ಕರಪತ್ರಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡು ನಾವು ಸುಮಾರು ಒಂದೂವರೆ ತಿಂಗಳು ಚರ್ಚೆ ಮಾಡಿದ್ದೇವೆ. ಹೋಗುವವರು ಮೂವರು. ನಾನು, ಪದವಿ ಓದುತ್ತಿರುವ ಮಗಳು ಮತ್ತು ಎಪ್ಪತ್ತಮೂರು ವರ್ಷದ ನನ್ನ ತಂದೆ. ತಂದೆಯವರು ಸರಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇತಿಹಾಸ ಕಲಿಸಿದವರು. ಹಜ್ ಯಾತ್ರೆಯನ್ನು ಬಿಟ್ಟರೆ ಇದು ಅವರ ಮೊದಲ ವಿದೇಶ ಪ್ರಯಾಣ. ಕೊನೆಯದೂ ಇದೇ ಎಂದು ಅವರು ನಗುತ್ತಾ ಹೇಳುತ್ತಾರೆ. ನಮಗೆ ನಗು ಬರುವುದಿಲ್ಲ.

ಕಾಲದ ಬಗ್ಗೆ ಮಾತ್ರ ಹೆಚ್ಚು ವಾದವಿರಲಿಲ್ಲ. ಶರತ್ಕಾಲ ಚೀನಾದಲ್ಲಿ ತಿರುಗಾಡಲು ಒಳ್ಳೆಯ ಸಮಯ. ಮಳೆ, ಬೇಸಿಗೆಯ ಧಗೆ ಎರಡೂ ಇಳಿದಿರುತ್ತವೆ. ಆದರೆ ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ದಿನದ ದೀರ್ಘ ರಜೆ. ಇಡೀ ದೇಶವೇ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತುವ ಆ ದಿನಗಳಲ್ಲಿ ಹೊರಗಿನವರು ಅತ್ತ ಸುಳಿಯದಿರುವುದೇ ಲೇಸು. ಅಕ್ಟೋಬರ್ ಕೊನೆಯ ಹೊತ್ತಿಗೆ ಬೀಜಿಂಗ್‌ನ ಶಿಯಾಂಗ್‌ಶಾನ್ ಗುಡ್ಡದ ಎಲೆಗಳು ಕೆಂಪಾಗುತ್ತವೆ, ರಾತ್ರಿಯ ಚಳಿಯೂ ಏರುತ್ತದೆ. ದಕ್ಷಿಣದ ಕರಾವಳಿಯಲ್ಲಿ ಆಗಲೂ ಹಗಲಿಗೆ ತೆಳು ಅಂಗಿ ಸಾಕು.

ನಮ್ಮ ಪಟ್ಟಿಗೆ ಮೊದಲು ಕತ್ತರಿ ಹಾಕಿದವರು ಅಂಗಡಿ ಇಟ್ಟುಕೊಂಡಿರುವ ಒಬ್ಬ ಗೆಳೆಯರು. ಗುವಾಂಗ್‌ಝೌನಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಅವರು ಒಂಬತ್ತು ಸಲ ಹೋಗಿ ಬಂದಿದ್ದಾರೆ. ಮಹಾಗೋಡೆಯನ್ನು ಒಮ್ಮೆಯೂ ನೋಡಿಲ್ಲ. "ಊರು ಬದಲಿಸಿದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ ಹಾಕಿ" ಎಂದರು. ಅವರ ಮಾತು ನಿಜ. ರೈಲು ಗಂಟೆಗೆ 300 ಕಿ.ಮೀ. ಓಡಬಹುದು. ಆದರೆ ಕೊಠಡಿ ಖಾಲಿ ಮಾಡುವುದು, ಹೆಚ್ಚಾಗಿ ಊರ ಹೊರಗೇ ಇರುವ ನಿಲ್ದಾಣ ತಲುಪುವುದು, ಪಾಸ್‌ಪೋರ್ಟ್ ತೋರಿಸಿ ತಪಾಸಣೆ ದಾಟುವುದು, ಇಳಿದ ಮೇಲೆ ಮತ್ತೆ ಹೋಟೆಲ್ ಹುಡುಕುವುದು, ಇವುಗಳ ವೇಗ ಹೆಚ್ಚಾಗಿಲ್ಲ. ಆರು ಊರು ಎಂದರೆ ಐದು ಅರ್ಧ ದಿನಗಳು. ಮೊಣಕಾಲು ಹಿಡಿದುಕೊಂಡು ನಡೆಯುವ ಹಿರಿಯರು ಜೊತೆಗಿದ್ದರೆ ಇನ್ನೂ ಹೆಚ್ಚು. ಮೇಳ ಮೂರು ಹಂತಗಳಲ್ಲಿ ನಡೆಯುತ್ತದೆ, ಆಗ ಹೋಟೆಲುಗಳು ತುಂಬಿರುತ್ತವೆ, ಎರಡು ಹಂತಗಳ ನಡುವಿನ ಮೂರು ದಿನಗಳಲ್ಲಿ ಬನ್ನಿ ಎಂಬ ಸಲಹೆಯನ್ನೂ ಅವರೇ ಕೊಟ್ಟರು. ಇತ್ತೀಚಿನ ವರ್ಷಗಳ ಪ್ರಕಾರ ಅಕ್ಟೋಬರ್ 28ರಿಂದ 30 ಅಂತಹ ಬಿಡುವು.

ಹೀಗಾಗಿ ಆರು ಊರು ನಾಲ್ಕಕ್ಕೆ ಇಳಿಯಿತು. ಯಾವ ನಾಲ್ಕು ಎಂಬಲ್ಲಿ ನಿಜವಾದ ಜಗಳ ಶುರುವಾಯಿತು.

ಮಗಳಿಗೆ ಶಾಂಘೈ ಬೇಕು. ಹುವಾಂಗ್‌ಪು ನದಿಯ ಒಂದು ದಡದಲ್ಲಿ ನೂರು ವರ್ಷ ಹಿಂದಿನ ಬ್ಯಾಂಕುಗಳ ಕಲ್ಲಿನ ಕಟ್ಟಡಗಳು, ಎದುರಿನ ದಡದಲ್ಲಿ 632 ಮೀಟರ್ ಎತ್ತರದ ಶಾಂಘೈ ಟವರ್. ವಿಮಾನ ನಿಲ್ದಾಣದಿಂದ 30 ಕಿ.ಮೀ. ದೂರವನ್ನು ಏಳೆಂಟು ನಿಮಿಷಗಳಲ್ಲಿ ದಾಟುವ, ಹಳಿ ಮುಟ್ಟದೆ ತೇಲುವ ರೈಲು ಬೇರೆ. ವಾಪಸು ಬರುವ ವಿಮಾನ ಹೇಗೂ ಅಲ್ಲಿಂದಲೇ ಆಗಬಹುದಾದ್ದರಿಂದ ಅವಳ ಬೇಡಿಕೆ ಸುಲಭವಾಗಿ ಮಂಜೂರಾಯಿತು.

ನನ್ನ ಮನಸ್ಸು ಶಿಯಾನ್ ಮೇಲಿತ್ತು. ಮಣ್ಣಿನ ಸೈನಿಕರು ಒಂದು ಕಾರಣ. ಆ ಊರನ್ನು ಸುತ್ತುವರಿದಿರುವ ಸುಮಾರು 14 ಕಿ.ಮೀ. ಉದ್ದದ ಮಿಂಗ್ ಕಾಲದ ಕೋಟೆಯ ಮೇಲೆ ಸೈಕಲ್ ತುಳಿಯುವ ಆಸೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನ ದೊಡ್ಡ ಮಸೀದಿ. ಗುಮ್ಮಟವಿಲ್ಲ, ನಾವು ಕಂಡಂತಹ ಮಿನಾರವೂ ಇಲ್ಲ. ಒಂದರ ಹಿಂದೊಂದು ಅಂಗಳಗಳು, ಮರದ ತೊಲೆಗಳು, ಅಂಚು ಮೇಲಕ್ಕೆ ಬಾಗಿದ ಹೆಂಚಿನ ಮಾಡು. ಮೊದಲ ನೋಟಕ್ಕೆ ಚೀನೀ ದೇವಾಲಯವೋ ಉದ್ಯಾನವೋ ಅನ್ನಿಸಬೇಕು. ಒಂದು ನಂಬಿಕೆ ಹೊಸ ನೆಲದಲ್ಲಿ ಬೇರೂರುವಾಗ ಆ ನೆಲದ ಬಡಗಿಯನ್ನೂ ಕಲ್ಲುಕುಟಿಗನನ್ನೂ ನಂಬುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಮ್ಮ ಕರಾವಳಿಯ ಹಳೆಯ ಮರದ ಮಸೀದಿಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ.

ಬೀಜಿಂಗ್ ವಿಷಯದಲ್ಲಿ ಯಾರಿಗೂ ಸಂಶಯವೇ ಇರಲಿಲ್ಲ. ಅದು ಇದ್ದೇ ಇರುತ್ತದೆ ಎಂದುಕೊಂಡು ಉಳಿದ ಮೂರರ ಬಗ್ಗೆ ಮಾತಾಡುತ್ತಿದ್ದೆವು. ಅಷ್ಟರಲ್ಲಿ, ಅಲ್ಲಿಯವರೆಗೆ ಪತ್ರಿಕೆ ಓದುತ್ತಿದ್ದ ತಂದೆಯವರು ಕನ್ನಡಕ ತೆಗೆದು, "ನನಗೆ ಝೈತೂನ್ ನೋಡಬೇಕು" ಎಂದರು.

ನಮ್ಮ ಯಾವ ಕರಪತ್ರದಲ್ಲೂ ಆ ಹೆಸರಿರಲಿಲ್ಲ. ಫೂಜಿಯಾನ್ ಪ್ರಾಂತದ ಕರಾವಳಿಯಲ್ಲಿರುವ ಕ್ವಾನ್‌ಝೌ ನಗರವನ್ನು ಹಿಂದಿನ ಅರಬ್ ವರ್ತಕರು ಕರೆಯುತ್ತಿದ್ದ ಹೆಸರು ಅದು. ಊರಿನ ಸುತ್ತ ನೆಟ್ಟಿದ್ದ 'ಚಿತೊಂಗ್' ಮರಗಳಿಂದ ಆ ಹೆಸರು ಬಂತೆನ್ನುತ್ತಾರೆ. ಆ ಮರ ಯಾವುದೆಂದು ಹುಡುಕಿದರೆ ನಮ್ಮ ಹಾಲವಾಣ! ಮಲೆನಾಡಿನಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸುವ ಅದೇ ಕೆಂಪು ಹೂವಿನ ಮರ. ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಝೈತೂನ್‌ಗೆ ನೂರು ಹಡಗು ಬರುತ್ತದೆ ಎಂದು ಮಾರ್ಕೊ ಪೋಲೊ ಹೇಳಿದ್ದನ್ನು ತಂದೆಯವರು ತರಗತಿಯಲ್ಲಿ ಹೇಳುತ್ತಿದ್ದರಂತೆ. ಪಠ್ಯದಲ್ಲಿಲ್ಲದ ಸಂಗತಿಗಳನ್ನು ಹೇಳುವುದು ಅವರ ಹಳೆಯ ಚಟ.

ಅವರ ಮನಸ್ಸಿನಲ್ಲಿದ್ದವನು ಇಬ್ನ್ ಬತೂತ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಆತನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದಾಗ ಆತ ಹೊನ್ನಾವರ, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಹೋದ. ಅಲ್ಲಿ ಬಿರುಗಾಳಿಗೆ ಹಡಗು ಒಡೆಯಿತು. ಮಾಲ್ದೀವ್ಸ್, ಸಿಲೋನ್, ಬಂಗಾಳ ಎಂದು ಕೆಲವು ವರ್ಷ ಅಲೆದು ಕೊನೆಗೆ ಕಾಲಿಟ್ಟ ಚೀನಾದ ಬಂದರು ಝೈತೂನ್. "ನಮ್ಮ ಊರಿನ ಮೇಲೆ ಹಾದುಹೋದವನು ಎಲ್ಲಿ ಇಳಿದ ಎಂದು ನೋಡುವುದು ಬೇಡವೇ?" ಎಂಬುದು ತಂದೆಯವರ ಪ್ರಶ್ನೆ.

ಬೀಜಿಂಗ್‌ಗೂ ಕ್ವಾನ್‌ಝೌಗೂ ದೇಶದ ಅರ್ಧ ಉದ್ದದ ಅಂತರ. ಎರಡನ್ನೂ ಇಟ್ಟುಕೊಂಡರೆ ಎರಡಕ್ಕೂ ನ್ಯಾಯವಿಲ್ಲ. ಹಾಗಾದರೆ ಮಹಾಗೋಡೆ? ಫೋನಿನಲ್ಲೇ ನನ್ನ ಭಾವ ಸಿಟ್ಟಾದರು. ಮುತಿಯಾನ್‌ಯು ಎಂಬಲ್ಲಿ ಗೋಡೆಯ ಬಳಿಗೆ ಹಗ್ಗದ ತೊಟ್ಟಿಲಿನಲ್ಲಿ ಹೋಗಬಹುದು, ಮೊಣಕಾಲಿನ ನೆವ ಹೇಳಬೇಡಿ ಎಂದರು. ತಂದೆಯವರು ಮೊಣಕಾಲಿನ ನೆವ ಹೇಳಲೇ ಇಲ್ಲ. ಇಬ್ನ್ ಬತೂತ ಗುವಾಂಗ್‌ಝೌನಲ್ಲಿ ಯಾಜೂಜ್ ಮಾಜೂಜರ ಗೋಡೆಯ ಬಗ್ಗೆ ವಿಚಾರಿಸಿದಾಗ, ಅದನ್ನು ಕಂಡವರಾಗಲೀ ಕಂಡವರನ್ನು ಕಂಡವರಾಗಲೀ ಆತನಿಗೆ ಸಿಗಲಿಲ್ಲವಂತೆ. ಆತ ಬೀಜಿಂಗ್‌ವರೆಗೆ ಹೋದದ್ದನ್ನೇ ಕೆಲವು ವಿದ್ವಾಂಸರು ಒಪ್ಪುವುದಿಲ್ಲ. "ಅವನೇ ನೋಡಿಲ್ಲ, ನನಗೇನು ಅವಸರ?" ಎಂದು ಅವರು ಮಾತು ಮುಗಿಸಿದರು. ಮೂವತ್ತು ವರ್ಷ ಚಿತ್ರ ತೋರಿಸಿ ಪಾಠ ಮಾಡಿದ ಗೋಡೆಯ ಮೇಲೆ ನಿಂತು ಮತ್ತೊಂದು ಚಿತ್ರ ತೆಗೆಸಿಕೊಳ್ಳುವುದರಲ್ಲಿ ಅವರಿಗೆ ಆಸಕ್ತಿಯಿಲ್ಲ ಎಂಬುದು ನಮಗೆ ಆಗ ಅರ್ಥವಾಯಿತು.

ಆಮೇಲೆ ಕ್ವಾನ್‌ಝೌ ಬಗ್ಗೆ ನಾನೂ ಓದತೊಡಗಿದೆ. ಓದುತ್ತಾ ಹೋದಂತೆ ಶಿಯಾನ್ ಬಿಟ್ಟುಕೊಡುವ ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಶಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರು ಸಿಕ್ಕಿದ್ದು 1974ರಲ್ಲಿ. ಅದೇ ವರ್ಷ ಕ್ವಾನ್‌ಝೌ ಕೊಲ್ಲಿಯ ಕೆಸರಿನಿಂದ ಸೋಂಗ್ ಕಾಲದ ಒಂದು ವ್ಯಾಪಾರಿ ಹಡಗನ್ನು ಅಗೆದು ತೆಗೆದರು. ಅದರ ಒಡಲಲ್ಲಿ ಸುಗಂಧದ ಮರದ ತುಂಡುಗಳು, ಕರಿಮೆಣಸು. ಚಕ್ರವರ್ತಿಯ ಸೈನ್ಯವನ್ನು ನೋಡಲು ಜಗತ್ತೇ ಓಡಿತು. ವರ್ತಕರ ಹಡಗು ಕೈಯುವಾನ್ ದೇವಾಲಯದ ಆವರಣದಲ್ಲಿ ತನ್ನಷ್ಟಕ್ಕೆ ನಿಂತಿದೆ. ಅದೇ ದೇವಾಲಯದ ಕಂಬಗಳಲ್ಲಿ ಹಿಂದೂ ಪುರಾಣದ ಕೆತ್ತನೆಗಳಿವೆ. ತಮಿಳು ವರ್ತಕರು ಅಲ್ಲಿ ಶಿವಾಲಯ ಕಟ್ಟಿಕೊಂಡಿದ್ದರು. 1281ರ ತಮಿಳು ಶಾಸನವೂ ಸಿಕ್ಕಿದೆ. 1009ರಲ್ಲಿ ಸ್ಥಾಪನೆಯಾದ ಚಿಂಗ್‌ಜಿಂಗ್ ಮಸೀದಿ ಶಿಯಾನ್ ಮಸೀದಿಯಂತಲ್ಲ. ಅರಬ್ ನಾಡಿನ ಮಾದರಿಯ ಕಲ್ಲಿನ ಮಹಾದ್ವಾರ, ಅರಬಿ ಬರಹಗಳು, ಮಾಡು ಬಿದ್ದುಹೋಗಿ ಗೋಡೆಗಳಷ್ಟೇ ಉಳಿದ ಹಳೆಯ ನಮಾಝ್ ಕೋಣೆ. ಯುನೆಸ್ಕೊ 2021ರಲ್ಲಿ ಈ ಊರಿನ 22 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಇದು ಬರೀ ಸೌಹಾರ್ದದ ಕಥೆಯಲ್ಲ. ಯುವಾನ್ ಆಳ್ವಿಕೆಯ ಕೊನೆಯಲ್ಲಿ, 1357ರಿಂದ 1366ರವರೆಗೆ, ಅಲ್ಲಿನ ಪರ್ಷಿಯನ್ ಸೈನಿಕರು ಬಂಡೆದ್ದರು. ಬಂಡಾಯ ಮುರಿದಾಗ ನಗರದ ವಿದೇಶಿ ಮೂಲದವರ ಮಾರಣಹೋಮ ನಡೆಯಿತು. ಗೋರಿಗಳನ್ನೂ ಪೂಜಾಸ್ಥಳಗಳನ್ನೂ ಒಡೆದರು. ಆ ಕಲ್ಲುಗಳು ನಗರದ ಕೋಟೆಯೊಳಗೆ ಸೇರಿಹೋದವು. ಇಪ್ಪತ್ತನೆಯ ಶತಮಾನದಲ್ಲಿ ಕೋಟೆ ಕೆಡವಿದಾಗ ಅರಬಿ, ಸಿರಿಯಾಕ್ ಬರಹಗಳ, ಹಿಂದೂ ಶಿಲ್ಪಗಳ ಚೂರುಗಳು ಹೊರಬಂದವು. ಅವನ್ನು ಒಂದೊಂದಾಗಿ ಹೆಕ್ಕಿ ಉಳಿಸಿದವರು ಊ ವೆನ್‌ಲಿಯಾಂಗ್ ಎಂಬ ಸ್ಥಳೀಯ ಶಾಲಾ ಶಿಕ್ಷಕರು. 1957ರಲ್ಲಿ ಆ ಶಿಲಾಶಾಸನಗಳ ಬಗ್ಗೆ ಪುಸ್ತಕ ಬರೆದರು. ಇಂದು ಅವು ಅಲ್ಲಿನ ಕಡಲ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿವೆ. ಇದನ್ನು ಓದಿ ಹೇಳಿದಾಗ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಮೇಷ್ಟ್ರಾ?" ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು.

ಕಾಶ್ಗರ್‌ಗೆ ಏಕೆ ಹೋಗುವುದಿಲ್ಲ ಎಂದು ಕೇಳಿದವರಿದ್ದಾರೆ. ದೂರ ಒಂದು ಕಾರಣ, ಅದೇ ಮುಖ್ಯ ಕಾರಣವಲ್ಲ. 2009ರಿಂದೀಚೆಗೆ ಅದರ ಹಳೆಯ ಪೇಟೆಯ ಬಹುಭಾಗವನ್ನು ಕೆಡವಿ ಹೊಸದಾಗಿ ಕಟ್ಟಲಾಗಿದೆ. ಷಿನ್‌ಜಿಯಾಂಗ್‌ನಲ್ಲಿ ಉಯ್ಘರರ ಮೇಲೆ ನಡೆದಿರುವುದು ಮಾನವೀಯತೆಯ ವಿರುದ್ಧದ ಅಪರಾಧವಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರಲ್ಲಿ ಹೇಳಿತು. ಅಲ್ಲಿಗೆ ಹೋಗಿ, ಯಾರನ್ನೂ ಏನನ್ನೂ ಕೇಳಲಾಗದೆ, ಹೊಸ ಬಣ್ಣ ಬಳಿದ ಬಾಗಿಲುಗಳ ಮುಂದೆ ಫೋಟೋ ತೆಗೆದು ಬರುವುದು ನನ್ನಿಂದಾಗದು. ಹಾಗಾದರೆ ಅದೇ ದೇಶದ ಇನ್ನೊಂದು ತುದಿಗೆ ಹೋಗುವುದು ಸರಿಯೇ ಎಂದು ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. 2019ರಲ್ಲಿ ಬೀಜಿಂಗ್‌ನ ಹಲಾಲ್ ಅಂಗಡಿಗಳ ಫಲಕಗಳಿಂದ ಅರಬಿ ಅಕ್ಷರಗಳನ್ನು ತೆಗೆಸಲಾಯಿತು. ಅಲ್ಲಲ್ಲಿ ಮಸೀದಿಗಳ ಗುಮ್ಮಟಗಳೂ ಇಳಿದಿವೆ. ಹೀಗಿರುವಾಗ ಕ್ವಾನ್‌ಝೌನ ಕಲ್ಲಿನಲ್ಲಿರುವ ಅರಬಿಯನ್ನು ಕಣ್ಣಾರೆ ಓದಿ ಬರಬೇಕು ಎಂದು ನನಗನ್ನಿಸಿತು. ಅವಳಿಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಈ ವಾದ ರೈಲಿನಲ್ಲೂ ಮುಂದುವರಿಯಲಿದೆ.

ನಾಲ್ಕನೆಯ ಊರು ಹಾಂಗ್‌ಝೌ. ಇಬ್ನ್ ಬತೂತ ಅದನ್ನು ಖನ್ಸಾ ಎಂದು ಕರೆದ, ತಾನು ಕಂಡ ನಗರಗಳಲ್ಲೇ ದೊಡ್ಡದೆಂದ. ಪಶ್ಚಿಮ ಸರೋವರದ ದಂಡೆ ಸಮತಟ್ಟು. ಮೊಣಕಾಲಿಗೆ ಹಿತ, ಸಾಕಾದರೆ ದೋಣಿಯಿದೆ. ಊರಿಗೆಲ್ಲ ಪರಿಮಳ ಹರಡುವ ಆಸ್ಮಾಂಥಸ್ ಹೂವು ಸೆಪ್ಟೆಂಬರ್, ಅಕ್ಟೋಬರ್‌ನದ್ದು. ನಾವು ಹೋಗುವಾಗ ಬಹುಶಃ ಉದುರಿರುತ್ತದೆ. ಅಲ್ಲಿಂದ ಶಾಂಘೈಗೆ ರೈಲಿನಲ್ಲಿ ಸುಮಾರು ಒಂದು ಗಂಟೆ.

2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತಾ ಮತ್ತು ಗುವಾಂಗ್‌ಝೌ ನಡುವೆ ಮೊದಲು ಪುನರಾರಂಭವಾದವು. ನಾವೂ ಗುವಾಂಗ್‌ಝೌನಲ್ಲೇ ಇಳಿಯುತ್ತೇವೆ. ಅಲ್ಲಿ ಎರಡು ರಾತ್ರಿ, ಕ್ವಾನ್‌ಝೌನಲ್ಲಿ ಮೂರು, ಹಾಂಗ್‌ಝೌ ಮತ್ತು ಶಾಂಘೈಗಳಲ್ಲಿ ತಲಾ ಎರಡು. ಊಟಕ್ಕೆ 'ಚಿಂಗ್‌ಝೆನ್' ಎಂದು ಬರೆದಿರುವ ಹಲಾಲ್ ಅಂಗಡಿಗಳು, ಎಲ್ಲ ಊರಲ್ಲೂ ಸಿಗುವ ಲಾನ್‌ಝೌ ನೂಡಲ್ಸ್. ಆ ಎರಡು ಚೀನೀ ಅಕ್ಷರಗಳನ್ನು ಮಗಳು ಒಂದು ರಟ್ಟಿನ ಮೇಲೆ ಬರೆದು ಅಜ್ಜನ ಕೈಗೆ ಕೊಟ್ಟಿದ್ದಾಳೆ. ರೈಲು ಟಿಕೇಟು 15 ದಿನ ಮೊದಲಷ್ಟೇ ಮಾರಾಟಕ್ಕೆ ಬರುತ್ತದೆ.

ಉಳಿದ ತಕರಾರು ಒಂದೇ. ಸೋಮವಾರ ಅಲ್ಲಿನ ಬಹುತೇಕ ವಸ್ತುಸಂಗ್ರಹಾಲಯಗಳಿಗೆ ರಜೆ, ನಾವು ಕ್ವಾನ್‌ಝೌ ಬಿಡುವ ದಿನವೂ ಸೋಮವಾರ. ಅದಕ್ಕೆ ಮೇಷ್ಟ್ರು ಹೆಕ್ಕಿದ ಕಲ್ಲುಗಳನ್ನು ಶನಿವಾರವೇ ನೋಡಬೇಕು, ಸಾಲದಿದ್ದರೆ ರವಿವಾರ ಮತ್ತೊಮ್ಮೆ ಹೋಗಬೇಕು ಎಂದು ತಂದೆಯವರ ಪಟ್ಟು. ಸೋಮವಾರ ಬೆಳಿಗ್ಗೆಗೆ ಲಿಂಗ್‌ಶಾನ್ ಗುಡ್ಡದ ಹಳೆಯ ಗೋರಿಗಳು. ಹಡಗುಗಳ ದಂಡು ಕಟ್ಟಿಕೊಂಡು ಕಲ್ಲಿಕೋಟೆಯವರೆಗೂ ಬಂದಿದ್ದ ಝೆಂಗ್ ಹೆ, 1417ರಲ್ಲಿ ಹೊರಡುವ ಮೊದಲು ಅಲ್ಲಿಗೆ ಬಂದದ್ದನ್ನು ಒಂದು ಕಲ್ಲು ಹೇಳುತ್ತದೆ. ರೈಲು ಮಧ್ಯಾಹ್ನದ್ದನ್ನೇ ಹಿಡಿಯಬೇಕಾಗಿದೆ.