ಹಾಯಿದೋಣಿಯಲ್ಲಿ ದಸರಾ ರಜೆ

ತುಮಕೂರಿನ ಸತ್ಯಮಂಗಲಕ್ಕೆ ಸಮುದ್ರ ಎಷ್ಟು ದೂರ ಎಂದು ಕೇಳಿದರೆ, ಭೂಪಟ ನೋಡಿದವರು ನೂರಾರು ಕಿಲೋಮೀಟರ್ ಎನ್ನುತ್ತಾರೆ. ಆದರೆ ಹತ್ತಿರದ ದೇವರಾಯನದುರ್ಗದ ಬೆಟ್ಟಗಳಲ್ಲಿ ಬಿದ್ದ ಮಳೆ ಶಿಂಷಾ ನದಿಯಾಗಿ ಗುಬ್ಬಿ, ಕುಣಿಗಲ್ ಸೀಮೆಗಳನ್ನು ಹಾದು, ಕಾವೇರಿಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರಿಗೆ ಆ ದಾರಿ ಗೊತ್ತು. ಊರಿನ ಮಂದಿಗೆ ಮಾತ್ರ ಕಡಲೆಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಾಲು ತೋಯಿಸಿಕೊಂಡು ಬಂದ ನೆನಪು, ಅಷ್ಟೆ.

2024ರ ದಸರಾ ರಜೆಯಲ್ಲಿ ಅಲ್ಲಿನ ಒಂದು ಮನೆಯಲ್ಲಿ ಸಣ್ಣದೊಂದು ಜಗಳ ನಡೆಯಿತು. ಅಪ್ಪ ಕೈಗಾರಿಕಾ ಪ್ರದೇಶದ ಷೆಡ್ಡೊಂದರಲ್ಲಿ ಲೇತ್ ಕೆಲಸದವರು. ಒಂಬತ್ತನೇ ತರಗತಿಯ ಮಗಳು ಎನ್‌ಸಿಸಿ ಕೆಡೆಟ್. ಅವಳ ಹತ್ತು ದಿನಗಳ ಶಿಬಿರ ಸರಿಯಾಗಿ ಆಯುಧಪೂಜೆಯ ಮೇಲೆ ಬಿದ್ದಿತ್ತು.

"ಹಬ್ಬದ ದಿನ ಮನೇಲಿ ಇಲ್ಲದೆ ಎಲ್ಲೋ ಡೇರೆಯಲ್ಲಿ ಮಲಗೋದು ಅಂದ್ರೆ ಏನೇ ಅದು? ಬೇಡ ಅಂದ್ರೆ ಬೇಡ," ಎಂದರು ಅಮ್ಮ.

ಮಗಳು ಉತ್ತರ ಕೊಡಲಿಲ್ಲ. ಅಕ್ಟೋಬರ್ 3ರ ಪತ್ರಿಕೆಯನ್ನು ತಂದು ಅಮ್ಮನ ಮುಂದೆ ಹರಡಿದಳು. ಅದರಲ್ಲಿ ಒಂದು ಹಾಯಿದೋಣಿಯ ಚಿತ್ರವಿತ್ತು.

ಆ ದೋಣಿಯ ಹೆಸರು ತಾರಿಣಿ. ಗೋವಾದಲ್ಲೇ ತಯಾರಾಗಿ 2017ರ ಫೆಬ್ರವರಿಯಲ್ಲಿ ನೌಕಾಪಡೆ ಸೇರಿದ, ಸುಮಾರು 17 ಮೀಟರ್ ಉದ್ದದ ದೋಣಿ ಅದು. ಗಾಂಧಿ ಜಯಂತಿಯ ದಿನ, ಅಂದರೆ ನವರಾತ್ರಿಯ ಹಿಂದಿನ ದಿನ, ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ನೌಕಾಪಡೆಯ ಇಬ್ಬರು ಅಧಿಕಾರಿಣಿಯರು ಅದರಲ್ಲಿ ಗೋವಾದಿಂದ ಭೂಪ್ರದಕ್ಷಿಣೆಗೆ ಹೊರಟಿದ್ದರು. ಮೊದಲ ನಿಲ್ದಾಣ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್. ಅಲ್ಲಿಗೆ ಅವರು ತಲಪಿದ್ದು ನವೆಂಬರ್ 9ರಂದು. ನವರಾತ್ರಿಯ ಒಂಬತ್ತು ದಿನ, ವಿಜಯದಶಮಿ, ಕನ್ನಡ ರಾಜ್ಯೋತ್ಸವ, ದೀಪಾವಳಿ ಎಲ್ಲವೂ ಅವರಿಗೆ ನೀರಿನ ಮೇಲೆಯೇ ಕಳೆದವು.

ಇದು ಮೊದಲ ಸಾಹಸವೂ ಅಲ್ಲ. 2017ರ ಸೆಪ್ಟೆಂಬರ್ 10ರಂದು ವರ್ತಿಕಾ ಜೋಶಿ ನೇತೃತ್ವದಲ್ಲಿ ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ಎಸ್. ವಿಜಯಾದೇವಿ, ಪಾಯಲ್ ಗುಪ್ತಾ ಎಂಬ ಆರು ಮಂದಿ ಇದೇ ದೋಣಿಯಲ್ಲಿ ಹೊರಟು 2018ರ ಮೇ 21ರಂದು ಗೋವಾಕ್ಕೆ ಮರಳಿದ್ದರು. ಭೂಮಿಯನ್ನು ಹಾಯಿಯಲ್ಲಿ ಸುತ್ತಿದ ಭಾರತದ ಮೊದಲ ಮಹಿಳಾ ತಂಡ ಅದು. ನ್ಯೂಜಿಲೆಂಡಿನಿಂದ ಫಾಕ್‌ಲೆಂಡ್ ದ್ವೀಪಗಳವರೆಗಿನ ಪೆಸಿಫಿಕ್ ದಾರಿಯಲ್ಲಿ ಅವರು ಸುಮಾರು 41 ದಿನ ನೆಲ ಮುಟ್ಟಲಿಲ್ಲ. ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಮೂರೂ ಆ 41 ದಿನಗಳ ಒಳಗೇ ಬಂದು ಹೋದವು. ಅದೇ ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿಯನ್ನೂ ಮನೆಯೆತ್ತರದ ಅಲೆಗಳನ್ನೂ ಅವರು ಎದುರಿಸಬೇಕಾಯಿತು.

"ಇವರಿಗೂ ಅಮ್ಮಂದಿರು ಇರ್ತಾರಲ್ಲ ಅಮ್ಮ," ಎಂದಳು ಮಗಳು. ಅಮ್ಮ ಏನೂ ಹೇಳದೆ ಪತ್ರಿಕೆ ಎತ್ತಿಕೊಂಡು ಒಳಗೆ ಹೋದರು.

ದೋಣಿಯೊಳಗಿನ ದಿನಚರಿ

ದೋಣಿಯಲ್ಲಿ ರಜೆ ಕಳೆಯುವುದೆಂದರೆ ಕೇರಳದ ಹಿನ್ನೀರಿನ ದೋಣಿಮನೆಯಲ್ಲಿ ಕಾಲು ಚಾಚಿ ಕೂರುವುದು ಎಂದು ನಾವು ತಿಳಿದಿರುತ್ತೇವೆ. ಸಾಗರದ ಸಂಗತಿ ಬೇರೆ. ಗಾಳಿಗೆ ಭಾನುವಾರವಿಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಿರಲೇಬೇಕು. ಹಾಯಿಯನ್ನು ಏರಿಸುವುದು, ಇಳಿಸುವುದು, ಹಗ್ಗಗಳು ಎಲ್ಲಾದರೂ ಸವೆದಿವೆಯೇ ಎಂದು ನೋಡುವುದು, ಅಡುಗೆ, ಹೊಲಿಗೆ, ರಿಪೇರಿ ಎಲ್ಲವೂ ಆ ನಾಲ್ಕು ಕೈಗಳ ಪಾಲಿಗೆ.

ಸುತ್ತ ನೀರಿದ್ದರೂ ಕುಡಿಯುವಂತಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಷ್ಟು ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳು ಕುಡಿದ ನೀರಿಗಿಂತ ಹೆಚ್ಚು ನೀರನ್ನು ಖರ್ಚು ಮಾಡಬೇಕಾಗುತ್ತದೆ. ಕುಡಿದಷ್ಟೂ ದೇಹ ಒಣಗುತ್ತದೆ. ಹೀಗಾಗಿ ದೂರದ ಯಾನದಲ್ಲಿ ಸಿಹಿನೀರಿಗೆ ಹನಿ ಹನಿಗೂ ಲೆಕ್ಕ. ಊಟವೂ ಹಾಗೆಯೇ, ತಿಂಗಳುಗಟ್ಟಲೆ ಕೆಡದೆ ಉಳಿಯುವಂಥದ್ದು ಬೇಕು. ಇಂಥ ಕಡೆ ದುಡಿಯುವ ಸೈನಿಕರಿಗಾಗಿಯೇ ಸಿದ್ಧ ಆಹಾರವನ್ನು ರೂಪಿಸುವ ಪ್ರಯೋಗಾಲಯ ನಮ್ಮ ಮೈಸೂರಿನಲ್ಲಿದೆ. 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎಂಬ ಹೆಸರಿನಲ್ಲಿ ಆರಂಭವಾದದ್ದು ಅದು. ಅಡುಗೆಯನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಬಿಸಿಯಿಂದ ಸೂಕ್ಷ್ಮಾಣುಗಳನ್ನು ಕೊಂದರೆ ಶೀತಪೆಟ್ಟಿಗೆಯ ಹಂಗಿಲ್ಲದೆ ಅದು ಬಹುಕಾಲ ಉಳಿಯುತ್ತದೆ ಎಂಬುದೇ ಇದರ ಗುಟ್ಟು.

ಎರಡು ಸಲ ಬರುವ ದಿನ

ಕ್ಯಾಲೆಂಡರ್ ನೋಡಿ ಹಬ್ಬ ಮಾಡುವ ನಮಗೆ ಸೋಜಿಗವೆನಿಸುವ ಇನ್ನೊಂದು ಸಂಗತಿಯಿದೆ. ಪೂರ್ವಕ್ಕೆ ಸಾಗುವ ದೋಣಿ ಪ್ರತಿ 15 ಡಿಗ್ರಿ ರೇಖಾಂಶ ದಾಟಿದಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು. ಭೂಮಿಯನ್ನು ಪೂರ್ತಿ ಸುತ್ತುವಾಗ ಇದು 24 ಗಂಟೆ, ಅಂದರೆ ಒಂದು ದಿನವೇ ಆಗುತ್ತದೆ. ಆ ಲೆಕ್ಕ ಸರಿದೂಗಿಸಲು ಪೆಸಿಫಿಕ್ ನಡುವಿನ ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟುವಾಗ ಪೂರ್ವಮುಖಿಗಳು ಅದೇ ತಾರೀಖನ್ನು ಮತ್ತೊಮ್ಮೆ ಎಣಿಸುತ್ತಾರೆ. ಸಂಕ್ರಾಂತಿಯ ದಿನವೇ ಆ ರೇಖೆ ದಾಟಿದರೆ ಎಳ್ಳುಬೆಲ್ಲವನ್ನು ಎರಡು ದಿನ ಹಂಚಬಹುದು!

ಇನ್ನೊಂದು ವಿಶೇಷ: ಜನವರಿ ನಡುವಿನಲ್ಲಿ ತುಮಕೂರಿನಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಅದು ದಿನದಿನಕ್ಕೆ ಬೆಳೆಯುತ್ತಿರುತ್ತದೆ. ಅದೇ ಹೊತ್ತಿಗೆ 56 ಡಿಗ್ರಿ ದಕ್ಷಿಣ ಅಕ್ಷಾಂಶದ ಕೇಪ್ ಹಾರ್ನ್ ಭೂಶಿರದ ಬಳಿ ಹಗಲು ಹದಿನಾರು ಗಂಟೆಗೂ ಹೆಚ್ಚು, ಆದರೆ ಅದು ದಿನದಿನಕ್ಕೆ ಕುಗ್ಗುತ್ತಿರುತ್ತದೆ. ಸೂರ್ಯ ಒಬ್ಬನೇ, ಹಬ್ಬವೂ ಒಂದೇ. ನಿಂತ ನೆಲ ಬದಲಾದಾಗ ಅದರ ಅರ್ಥವೂ ಹೀಗೆ ತಿರುವುಮುರುವಾಗುತ್ತದೆ.

ನಮ್ಮ ಕರಾವಳಿಯ ರಜೆ

ನಮ್ಮ ರಾಜ್ಯದಲ್ಲೇ ದೋಣಿಯನ್ನು ಮನೆ ಮಾಡಿಕೊಂಡವರಿಲ್ಲವೆ? ಮಲ್ಪೆ, ಮಂಗಳೂರುಗಳಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ಮಂಜುಗಡ್ಡೆ, ಡೀಸೆಲ್, ಅಕ್ಕಿ, ನೀರು ತುಂಬಿಕೊಂಡು ಹೊರಟರೆ ಮರಳುವುದು ಎಂಟು ಹತ್ತು ದಿನಕ್ಕೆ. ಶಾಲಾ ಮಕ್ಕಳ ದಸರಾ ರಜೆ ಈ ಮೀನುಗಾರರಿಗೆ ದುಡಿಮೆಯ ಕಾಲ. ಅವರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನೂಲ ಹುಣ್ಣಿಮೆಯ ಹೊತ್ತಿಗೆ ಅವರು ಹಾಲು, ತೆಂಗಿನಕಾಯಿ ಅರ್ಪಿಸಿ ಕಡಲನ್ನು ಪೂಜಿಸುತ್ತಾರೆ. ತೆಂಗಿನ ಸೀಮೆಯ ತುಮಕೂರಿನವರು ಇದನ್ನು ಮರೆಯಬಾರದು.

ಹಾಗಾದರೆ ಹಬ್ಬವೆಂದರೇನು? ಕೆಲಸಕ್ಕೆ ರಜೆ ಎಂದಷ್ಟೇ ತಿಳಿದರೆ ಆಯುಧಪೂಜೆಗೆ ಅರ್ಥವೇ ಇಲ್ಲ. ಅನ್ನ ಕೊಡುವ ಉಪಕರಣವನ್ನು ಉಜ್ಜಿ, ತೊಳೆದು, ಅದರ ಲೋಪದೋಷ ನೋಡಿ ಕೈಮುಗಿಯುವ ದಿನ ಅದು. ಸಾಗರದ ನಡುವೆ ಹಗ್ಗ, ಹಾಯಿ, ಚುಕ್ಕಾಣಿಗಳನ್ನು ದಿನವೂ ತಡವಿ ನೋಡುವವರು, ತನ್ನ ಪಾಳಿಯಲ್ಲಿ ಕಣ್ಣು ಮುಚ್ಚದೆ ಇನ್ನೊಬ್ಬಳ ನಿದ್ದೆ ಕಾಯುವವರು, ದಿನವೂ ಆಯುಧಪೂಜೆಯನ್ನೇ ಮಾಡುತ್ತಿರುತ್ತಾರೆ. ಷೆಡ್ಡಿನಲ್ಲಿ ಲೇತ್ ಯಂತ್ರಕ್ಕೆ ಎಣ್ಣೆ ಹಾಕುವ ಅಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವರು ಹೇಳಿದ್ದು ಒಂದೇ ಮಾತು: "ಹೋಗಿ ಬರಲಿ ಬಿಡು, ಪಾಳಿ ಅಂದ್ರೇನು ಅಂತ ಕಲೀತಾಳೆ."

ಅಮ್ಮ ಒಪ್ಪಿದೆ ಎನ್ನಲಿಲ್ಲ. ಬೆಳಗ್ಗೆ ನೋಡಿದರೆ ಮಗಳ ಚೀಲದಲ್ಲಿ ಕೋಡುಬಳೆಯ ಡಬ್ಬಿ, ಕೊಬ್ಬರಿ ಮಿಠಾಯಿಯ ಪೊಟ್ಟಣ ಕುಳಿತಿದ್ದವು.

ಆಯುಧಪೂಜೆಯ ದಿನ ಷೆಡ್ಡಿನ ಬಾಗಿಲಲ್ಲಿ ಬೂದುಗುಂಬಳ ಒಡೆದು ಅಪ್ಪ ಮನೆಗೆ ಬಂದಾಗ, ಅಂಗಳದಲ್ಲಿ ಮಗಳ ಸೈಕಲ್ ತೊಳೆಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಅದೇ ಹೊತ್ತಿಗೆ ಮಗಳು ಶಿಬಿರದ ಅಡುಗೆಮನೆಯಲ್ಲಿ ನೂರಾರು ಜನರ ಊಟಕ್ಕೆ ಈರುಳ್ಳಿ ಹೆಚ್ಚುತ್ತಿದ್ದಳು. ಅಂದು ಅವಳ ಪಾಳಿ.

ಆಮೇಲೆ ತಿಂಗಳುಗಟ್ಟಲೆ ಆ ಮನೆಯ ಗೋಡೆಯ ಭೂಪಟದಲ್ಲಿ ಗುಂಡುಸೂಜಿಯೊಂದು ಪೂರ್ವಕ್ಕೆ ಸರಿಯಿತು. ಕ್ರಿಸ್‌ಮಸ್ಸಿಗೆ ನ್ಯೂಜಿಲೆಂಡಿನ ಲಿಟಲ್ಟನ್. 2025ರ ಜನವರಿ 30ರಂದು ಪೆಸಿಫಿಕ್‌ನ ಪಾಯಿಂಟ್ ನೀಮೊ. ಅಲ್ಲಿಂದ ಅತಿ ಹತ್ತಿರದ ನೆಲ 2,688 ಕಿ.ಮೀ. ದೂರ. ಸುಮಾರು 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದಾಗ ಅದರೊಳಗಿನವರೇ ಅಲ್ಲಿನ ಹತ್ತಿರದ ನೆರೆಯವರು! ಸೂಜಿಯನ್ನು ಸರಿಸುತ್ತಿದ್ದವರು ಹೆಚ್ಚಿನ ದಿನ ಅಮ್ಮನೇ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಮೇ 29ರಂದು, ತಾರಿಣಿ ಗೋವಾಕ್ಕೆ ಮರಳಿತು. ಅಂದು ಸೂಜಿಯನ್ನು ಕಿತ್ತು ಡಬ್ಬಿಗೆ ಹಾಕುತ್ತ ಅಮ್ಮ ಕೇಳಿದರು: "ಈ ದಸರೆಗೆ ಶಿಬಿರ ಯಾವತ್ತೇ?"