ಸಿಡಿಲಿಗೆ ಜಾತಿ ಇಲ್ಲವಂತೆ

ಮೇ ತಿಂಗಳು ಬಂತೆಂದರೆ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಹವಾಮಾನ ವಿಭಾಗದ ಹುಡುಗ ಹುಡುಗಿಯರು ವ್ಯಾನು ಹತ್ತಿ ಗುಡುಗು ಮಳೆಯ ಬೆನ್ನು ಬೀಳ್ತಾರೆ. ಟೆಕ್ಸಾಸ್, ಓಕ್ಲಹೋಮ, ಕಾನ್ಸಾಸ್‌ನ ಬಯಲೇ ಅವರ ಪ್ರಯೋಗಶಾಲೆ. ಗಲ್ಫ್ ಕಡೆಯ ತೇವದ ಗಾಳಿಯೂ ಪಶ್ಚಿಮದ ಒಣಗಾಳಿಯೂ ಅಲ್ಲಿ ಎದುರಾಗಿ ದೈತ್ಯ ಮೋಡಗಳು ಕಟ್ಟುತ್ತವೆ. ಬೆಳಿಗ್ಗೆ ನಕ್ಷೆ ಮುಂದಿಟ್ಟುಕೊಂಡು ಇವತ್ತು ಮೋಡ ಎಲ್ಲಿ ಏಳುತ್ತೆ ಅಂತ ವಾದ ಮಾಡ್ತಾರೆ. ಆಮೇಲೆ ನೂರಾರು ಕಿಲೋಮೀಟರ್ ಓಟ. ಹೀಲಿಯಂ ಬಲೂನಿಗೆ ಪುಟ್ಟ ಉಪಕರಣ ಕಟ್ಟಿ ಬಿಟ್ಟರೆ, ಅದು ಮೇಲೇರುತ್ತಾ ಉಷ್ಣಾಂಶ, ತೇವಾಂಶ, ಒತ್ತಡ, ಗಾಳಿಯ ಲೆಕ್ಕವನ್ನ ಕೆಳಗೆ ಕಳಿಸುತ್ತೆ.

ಅವರ ವಿಡಿಯೋ ನೋಡುವಾಗ ನನಗೆ ಹೊಟ್ಟೆಕಿಚ್ಚಾಗೋದು ಉಪಕರಣ ನೋಡಿ ಅಲ್ಲ, ಅವರ ಮೊದಲ ನಿಯಮ ನೋಡಿ. ಮೋಡದ ಹತ್ತಿರ ಹೋಗುವ ಮೊದಲು ತಪ್ಪಿಸಿಕೊಳ್ಳೋ ದಾರಿ ಗೊತ್ತಿರಬೇಕು. ಮಿಂಚು ಹತ್ತಿರವಾಯ್ತೋ, ಎಲ್ಲರೂ ವ್ಯಾನಿನೊಳಗೆ. ಸಿಡಿಲು ವಾಹನದ ಲೋಹದ ಮೈ ಮೇಲೆ ಹರಿದು ನೆಲ ಸೇರುತ್ತೆ, ಒಳಗಿದ್ದವರು ಉಳೀತಾರೆ.

ಹಾಗಂತ ಅದು ಮಕ್ಕಳಾಟ ಅಲ್ಲ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೋ ಬಳಿ ಸುಮಾರು 4 ಕಿಲೋಮೀಟರ್ ಅಗಲದ ಸುಂಟರಗಾಳಿಗೆ ಸಿಕ್ಕಿ, ಅನುಭವಿ ಸಂಶೋಧಕ ಟಿಮ್ ಸಮರಾಸ್ ತಮ್ಮ ಮಗ ಮತ್ತು ಸಹೋದ್ಯೋಗಿಯ ಜೊತೆ ಸತ್ತರು. 2022ರ ಏಪ್ರಿಲ್‌ನಲ್ಲಿ ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಮೋಡ ನೋಡಿ ವಾಪಸ್ ಬರುವಾಗ ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡರು. ಅವರ ಸಾವು ನನಗೂ ಸಂಕಟವೇ. ಆದರೆ ಅವರು ಮೋಡದ ಕೆಳಗೆ ಹೋಗಿದ್ದು ತಾವೇ ಇಷ್ಟಪಟ್ಟು.

ನಮ್ಮವ್ವನಿಗೆ ಆ ಆಯ್ಕೆ ಇರಲಿಲ್ಲ. ಬೇಸಿಗೆ ಶೇಂಗಾ ಕೀಳೋ ಹೊತ್ತಿಗೇ ಅಲ್ವಾ ಮುಂಗಾರಿಗೂ ಮುಂಚಿನ ಗುಡುಗು ಮಳೆ ಬರೋದು? ಮೋಡ ಕಪ್ಪಾದರೂ ಹೊಲದ ಧಣಿ, ‘ಇನ್ನ ನಾಕು ಸಾಲು ಅದಾವ, ಮುಗಿಸೇ ಹೋಗ್ರಿ’ ಅಂತಿದ್ದ. ಎದ್ದು ಹೋದರೆ ಅರ್ಧ ದಿನದ ಕೂಲಿ ಹೋಯ್ತು. ಪಕ್ಕದಲ್ಲೇ ತೋಟದ ಮನೆ, ಗಟ್ಟಿ ಗೋಡೆ, ಆರ್‌ಸಿಸಿ. ಅವ್ವ ಹೇಳೋದು: ‘ಪಡಸಾಲಿ ಹತ್ತಂಗಿರ್ಲಿಲ್ಲಪ್ಪ. ಬೇವಿನ ಗಿಡದ ಕೆಳಗ ನಿಂತ್ಕೊಂತಿದ್ವಿ. ಎತ್ತು ಒಳಗ, ನಾವು ಹೊರಗ.’

ಸಿಡಿಲಿನ ಹೊತ್ತಲ್ಲಿ ನಿಲ್ಲಲೇಬಾರದ ಜಾಗ ಅಂದ್ರೆ ಮರದ ಬುಡ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತೆ, ನೆಲದೊಳಗೆ ಹರಿದು ಕಾಲಿನಿಂದಲೂ ಮೈ ಹತ್ತುತ್ತೆ. ವಿಜ್ಞಾನ ‘ಅಲ್ಲಿ ನಿಲ್ಲಬೇಡ’ ಅನ್ನುತ್ತೆ. ಜಾತಿ ‘ನಿನಗಿರೋದು ಅದೊಂದೇ ಜಾಗ’ ಅನ್ನುತ್ತೆ. ಸತ್ತ ಮೇಲೆ ಊರು ಹೇಳೋದು, ‘ಯಾವ ಜನ್ಮದ ಪಾಪವೋ’ ಅಂತ. ಇನ್ನು ತಿಳಿದವರು ಅನ್ನಿಸಿಕೊಂಡವರು ‘ಸಿಡಿಲಿಗೆ ಜಾತಿ ಇಲ್ಲ’ ಅಂತಾರೆ. ಸಿಡಿಲಿಗಿಲ್ಲ ಸ್ವಾಮಿ, ಪಡಸಾಲೆಗಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಗಂಡೋ ಹೆಣ್ಣೋ ಅನ್ನೋ ಲೆಕ್ಕ ಅಲ್ಲಿದೆ. ಯಾರ ಹೊಲದಲ್ಲಿದ್ದರು, ಯಾವ ಮರದ ಕೆಳಗಿದ್ದರು, ಯಾವ ಕೇರಿಯವರು ಅನ್ನೋದಿಲ್ಲ. ಮುನ್ಸೂಚನೆಗೆ ಕೇಂದ್ರದ ‘ದಾಮಿನಿ’ ಆ್ಯಪ್ ಇದೆ, ನಮ್ಮ ರಾಜ್ಯ ‘ಸಿಡಿಲು’ ಅಂತಲೇ ಒಂದು ಆ್ಯಪ್ ಮಾಡಿತು. ಒಳ್ಳೇದೇ. ಆದರೆ ಫೋನು ‘ಪಕ್ಕಾ ಕಟ್ಟಡದೊಳಗೆ ಹೋಗಿ’ ಅಂದಾಗ, ಯಾರ ಕಟ್ಟಡಕ್ಕೆ?

ನಾವು ವಿಜ್ಞಾನ ಬೇಡ ಅನ್ನೋರಲ್ಲ, ಅದು ನಮಗೇ ಎಲ್ಲರಿಗಿಂತ ಹೆಚ್ಚು ಬೇಕು. ಗುಡುಗು ಕೇಳಿದ ಕೂಡಲೇ ಕೆಲಸ ನಿಲ್ಲಿಸಿದರೆ ಕೂಲಿ ಕಡಿತ ಆಗಬಾರದು. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲೂ ಹೊಲಗಳ ನಡುವೆಯೂ ಸಿಡಿಲು ರಕ್ಷಕ ಇರೋ, ಎಲ್ಲರಿಗೂ ಬಾಗಿಲು ತೆರೆದಿರೋ ಕಟ್ಟಡ ಬೇಕು.

ನಮ್ಮ ಹಾಸ್ಟೆಲ್‌ಗಳಲ್ಲಿ ವಿಜ್ಞಾನ ಓದೋ ತಮ್ಮ ತಂಗಿಯರಿಗೆ ಒಂದು ಮಾತು. ಈ ಬೇಸಿಗೆ ರಜೆಯಲ್ಲಿ ನೀವೂ ಮಳೆ ಮಾಹಿತಿ ಸಂಗ್ರಹಿಸಿ. ಬಲೂನು ಬೇಡ, ಒಂದು ನೋಟ್‌ಬುಕ್ ಸಾಕು. ನಿಮ್ಮೂರ ಕೂಲಿ ಹೆಣ್ಣುಮಕ್ಕಳನ್ನ ಕೇಳಿ: ಗುಡುಗಿದಾಗ ಎಲ್ಲಿ ನಿಲ್ತೀರಿ? ಹತ್ತಿರದ ಗಟ್ಟಿ ಮನೆ ಎಷ್ಟು ದೂರ? ಒಳಗೆ ಕರೀತಾರಾ?

ಅದೂ ಹವಾಮಾನದ ಡೇಟಾನೇ.

ಜೈ ಭೀಮ್.