ನಲವತ್ತೇಳು ಹಾಕು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಕೆಳಗೆ ಅಪ್ಪ, ಅಮ್ಮ, ಅಣ್ಣನ ಸಂಸಾರ. ಮಹಡಿ ಮೇಲೆ ನಾವು. ಅಡುಗೆ ಬೇರೆಯಾಗಿ ಎರಡು ವರ್ಷವಾಗಿತ್ತು. ಸಿನಿಮಾ ಮಾತ್ರ ಇನ್ನೂ ಒಟ್ಟಿಗೇ ಇತ್ತು. ಅದರ ಉಗ್ರಾಣ ಮೆಟ್ಟಿಲ ಕೆಳಗೆ, ಯುಪಿಎಸ್ ಪಕ್ಕ ಕೂತಿದ್ದ ಒಂದು ಕಪ್ಪು ಪೆಟ್ಟಿಗೆ. ಹಾರ್ಡ್ ಡಿಸ್ಕ್ ಕೂರಿಸಲು ಅದರಲ್ಲಿ ಎರಡು ಗೂಡು, ಹಿಂದೆ ನೆಟ್‌ವರ್ಕ್ ಕೇಬಲ್ಲಿಗೆ ಒಂದು ತೂತು. ಅಣ್ಣ ಅದನ್ನು ‘ನಾಸ್’ ಅನ್ನುತ್ತಿದ್ದ. ಅಮ್ಮನ ಕಿವಿಗೆ ಅದು ‘ನಾಶ’ ಅಂತಲೇ ಬಿತ್ತು. “ದೀಪ ಹಚ್ಚೋ ಹೊತ್ತಲ್ಲಿ ಆ ಮಾತು ಆಡಬೇಡ ಕಣೋ” ಅಂದಳು. ಅವತ್ತಿನಿಂದ ಅದು ‘ಡಬ್ಬಿ’.

2008ರಲ್ಲಿ ಅಣ್ಣ ಅದನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊತ್ತು ತಂದಿದ್ದ, 500 ಜಿಬಿಯ ಎರಡು ಡಿಸ್ಕಿನ ಸಮೇತ. ತರಿಸಿದ್ದು ಒಂದು ಲೆಕ್ಕದಲ್ಲಿ ಅಪ್ಪನ ವಿಸಿಡಿಗಳೇ. ಅದಕ್ಕೆ ಹಿಂದಿನ ವರ್ಷ ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ ಮಾರಲು ಶುರುಮಾಡಿದ ಮೇಲೆ ಅಪ್ಪನನ್ನು ಹಿಡಿಯುವವರೇ ಇರಲಿಲ್ಲ. ಸಂಜೆ ವಾಕಿಂಗ್ ಮುಗಿಸಿ ಬರುವಾಗ ಒಂದು ಕೈಯಲ್ಲಿ ಸೊಪ್ಪು, ಇನ್ನೊಂದರಲ್ಲಿ ವಿಸಿಡಿ. ಒಂದು ತಟ್ಟೆಗೆ ಹಿಡಿಯುತ್ತಿದ್ದುದು ಒಂದೂಕಾಲು ತಾಸಿನಷ್ಟು; ನಮ್ಮ ಸಿನಿಮಾಗಳಿಗೆ ಎರಡು ತಟ್ಟೆ, ಕೆಲವಕ್ಕೆ ಮೂರು. ನಾಯಕಿ ಕಣ್ಣಲ್ಲಿ ನೀರು ತುಂಬಿಕೊಂಡ ಕ್ಷಣಕ್ಕೇ ಪರದೆ ನೀಲಿಯಾಗುತ್ತಿತ್ತು. ಯಾರಾದರೂ ಎದ್ದು ಎರಡನೆಯದನ್ನು ಪಂಚೆಯ ಅಂಚಿನಲ್ಲಿ ಒರೆಸಿ ಹಾಕುವ ಹೊತ್ತಿಗೆ ಅಮ್ಮ ಒಳಗೆ ಹೋಗಿ ಕುಕ್ಕರ್ ಇಟ್ಟಿರುತ್ತಿದ್ದಳು.

ಭಾನುವಾರ ಮಧ್ಯಾಹ್ನಗಳಲ್ಲಿ ಅಣ್ಣ ನಾನು ನೆಲದ ಮೇಲೆ ಕೂತು ಒಂದೊಂದೇ ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿ, ಫೈಲ್ ಇಳಿಸಿ, ತುಂಡುಗಳನ್ನು ಜೋಡಿಸಿ ಡಬ್ಬಿಗೆ ಸೇರಿಸಿದೆವು. ಒಂದು ಸಿನಿಮಾಕ್ಕೆ ಒಂದೂವರೆ ಜಿಬಿ ಅಂದುಕೊಂಡರೂ ಮುನ್ನೂರಕ್ಕಿಂತ ಹೆಚ್ಚು ಹಿಡಿಸುತ್ತವೆ ಅಂತ ಅಣ್ಣನ ಲೆಕ್ಕ. “ಎರಡು ಡಿಸ್ಕ್ ಇವೆಯಲ್ಲ, ಆರುನೂರು ಆಗಬೇಕಲ್ಲ?” ಅಂದರು ಅಪ್ಪ. ಮೂವತ್ತೆರಡು ವರ್ಷ ಗುಮಾಸ್ತೆ ಕೆಲಸ ಮಾಡಿದವರು, ಲೆಕ್ಕ ಬಿಡುವವರಲ್ಲ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬೀಳುತ್ತದೆ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ ಅಂತ ಅಣ್ಣ ವಿವರಿಸಿದ. “ಓ, ಕಾರ್ಬನ್ ಕಾಪಿ” ಅಂದರು. ‘ರೇಡ್-ಒಂದು’ ಅನ್ನುವ ಈ ಜೋಡಿ ನಕಲನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

ಆದರೆ ಒಂದು ದಿನ ಜಾಗ ಖಾಲಿ ಮಾಡಲು ಹೋಗಿ ನಾನು ನಲವತ್ತು ಸಿನಿಮಾಗಳ ಫೋಲ್ಡರನ್ನೇ ಅಳಿಸಿಬಿಟ್ಟೆ. ಎರಡೂ ಡಿಸ್ಕಿನಲ್ಲಿ ಹೋಯಿತು. ಅಳಿಸುವುದನ್ನೂ ಅದು ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಅಪ್ಪ ಬೈಯಲಿಲ್ಲ. “ಮೇಲಿನ ಹಾಳೆ ಹರಿದರೆ ಕೆಳಗಿನದೂ ಹರಿಯೋ ಕಾರ್ಬನ್ ಕಾಪಿ ನಮ್ಮ ಆಫೀಸಲ್ಲಿ ಇರಲಿಲ್ಲಪ್ಪ” ಅಂದು ಅಟ್ಟದಿಂದ ವಿಸಿಡಿ ಪೆಟ್ಟಿಗೆ ಇಳಿಸಿದರು. ಇನ್ನೂ ನಾಲ್ಕು ಭಾನುವಾರ.

ಹೆಸರುಗಳದೇ ಒಂದು ಕಥೆ. ಅಪ್ಪ ಎಲ್ಲ ಫೈಲಿಗೂ ಕನ್ನಡದಲ್ಲೇ ಹೆಸರು ಕೊಟ್ಟಿದ್ದರು. ಟೀವಿ ಪಕ್ಕದ ಪ್ಲೇಯರಿಗೆ ಕನ್ನಡ ಬಾರದು. ‘ಕಸ್ತೂರಿ ನಿವಾಸ’ವೂ ‘ನಾಗರಹಾವು’ ಕೂಡ ಸಾಲು ಸಾಲು ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಬರೆಯಲು ಅಪ್ಪ ಒಪ್ಪಲಿಲ್ಲ. ನಂಬರ್ ಕೊಟ್ಟರು. ಒಂದಾದ ಮೇಲೆ ಹತ್ತು, ಹನ್ನೊಂದು ಬಂದು, ಎರಡು ಎಲ್ಲೋ ಕೆಳಗೆ ಹೋಗಿ ಕೂತಿತು. “ನಿಮ್ಮ ಡಬ್ಬಿಗೆ ಎಣಿಕೇನೂ ಬರಲ್ಲ” ಅಂತ ರಾತ್ರಿಯೆಲ್ಲ ಕೂತು 001, 002 ಅಂತ ತಿದ್ದಿದರು. ಜೊತೆಗೆ ಉದ್ದನೆಯ ಲೆಡ್ಜರ್ ಪುಸ್ತಕ: ನಂಬರ್, ಚಿತ್ರ, ವರ್ಷ, ಸಂಗೀತ, ಕೊನೆಗೆ ಷರಾ. ‘ಬಂಗಾರದ ಮನುಷ್ಯ, 1972, ಜಿ.ಕೆ. ವೆಂಕಟೇಶ್, ಎರಡನೇ ತಟ್ಟೆ ಗೀರು.’ ಅವರಿಗೆ ಹಿಡಿಸದ ಚಿತ್ರಗಳ ಮುಂದೆ ಷರಾ ಒಂದೇ: ‘ಸಾಧಾರಣ’.

ಮನೆಯವರ ಬಾಯಲ್ಲಿ ಹೆಸರುಗಳು ಹೋಗಿ ನಂಬರುಗಳು ಉಳಿದವು. ನಲವತ್ತೇಳು ಅಂದರೆ ‘ಗಣೇಶನ ಮದುವೆ’. ಕರೆಂಟು ಬಂದ ಖುಷಿಗೆ ನಲವತ್ತೇಳು, ನೆಂಟರು ಹೊರಟ ಮೇಲೆ ನಲವತ್ತೇಳು. ಫಣಿ ರಾಮಚಂದ್ರರ ಆ ವಠಾರ, ಅನಂತನಾಗ್ ಪೇಚಾಟ ನಮಗೆ ಬಾಯಿಪಾಠ. ಕೆಳಗಿನವರು ಹಾಕಿದ್ದು ಗೊತ್ತಾಗಿ ನಾವೂ ಮೇಲೆ ಅದನ್ನೇ ಹಾಕುತ್ತಿದ್ದೆವು. ಡಬ್ಬಿ ಒಂದೇ, ಟೀವಿ ಎರಡು. ಎಷ್ಟು ಹೊಂದಿಸಿದರೂ ನಮ್ಮದು ಏಳೆಂಟು ಸೆಕೆಂಡ್ ಹಿಂದೆ. ಕೆಳಗಿನಿಂದ ಅಮ್ಮನ ನಗು ಮೊದಲು ಬರುತ್ತಿತ್ತು, ಆಮೇಲೆ ನಮಗೆ ಮಾತು. ನಗು ಕೇಳಿಯೇ ನಾವು ನಗಲು ಶುರುಮಾಡಿರುತ್ತಿದ್ದೆವು.

2011ರ ಕೊನೆಯಲ್ಲಿ ಒಂದು ಡಿಸ್ಕ್ ಕೈಕೊಟ್ಟಿತು. ಹೊಸದು ತರೋಣವೆಂದರೆ ಬೆಲೆ ಎರಡರಷ್ಟಾಗಿತ್ತು. ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು. ಅಪ್ಪ ಪೇಪರ್ ಮಡಚಿಟ್ಟು, “ಅಲ್ಲಿ ಮಳೆ ಬಂದರೆ ಇಲ್ಲಿ ರಾಜ್‌ಕುಮಾರ್ ಕಾಣಲ್ವೇನೋ?” ಅಂದರು. ಹೊಸ ಡಿಸ್ಕ್ ಬರುವವರೆಗೆ, ಐದು ತಿಂಗಳು, ಡಬ್ಬಿ ಒಂಟಿಗಾಲಲ್ಲಿ ಓಡಿತು. ಕಿತ್ತಳೆ ದೀಪ ಕಂಡಾಗಲೆಲ್ಲ ಅಮ್ಮ, ಜ್ವರ ಬಂದ ಮಗುವನ್ನು ನೋಡುವ ಹಾಗೆ ಬಗ್ಗಿ ನೋಡುತ್ತಿದ್ದಳು.

ಈಗ ಆ ಮನೆಯಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಣ್ಣ ಬೆಂಗಳೂರಿನಲ್ಲಿ, ನಾನು ಇಲ್ಲೇ ಬೇರೆ ಬಡಾವಣೆಯಲ್ಲಿ. ಡಬ್ಬಿ ಯಾವ ಗುಜರಿ ಸೇರಿತೋ. ಲೆಡ್ಜರ್ ಮಾತ್ರ ನನ್ನ ಬೀರುವಿನಲ್ಲಿದೆ, 312ನೇ ಸಾಲಿನವರೆಗೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಫೋನ್. ಹಲೋ ಇಲ್ಲ, ಏನಿಲ್ಲ. “ನಲವತ್ತೇಳು ಬರ್ತಿದೆ, ಹಾಕು” ಅಂದು ಚಾನೆಲ್ ಹೆಸರು ಹೇಳಿದ. ಹಾಕಿದೆ. ಫೋನ್ ಕಿವಿಯಲ್ಲೇ ಇತ್ತು. ಆ ಕಡೆ ಅತ್ತಿಗೆ ಜೋರಾಗಿ ನಕ್ಕರು. ನನ್ನ ಟೀವಿಯಲ್ಲಿ ಅನಂತನಾಗ್ ಇನ್ನೂ ಬಾಯಿ ತೆರೆದಿರಲಿಲ್ಲ.